'ಮರದ ಮರ' ಅನ್ನಬಹುದಾ? ಕಡ್ಡಿಯ ಕ್ರಿಸ್ಮಸ್ ಟ್ರೀ ಮತ್ತು ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಒಂದು ಪುಟದ ಕೈಕೆಲಸದ ಸೂಚನೆ ಬರೆಯುತ್ತಿದ್ದೇನೆ. ಒಣ ಕಡ್ಡಿಗಳಿಂದ ಮೇಜಿನ ಮೇಲೆ ನಿಲ್ಲುವ ಪುಟ್ಟ ಕ್ರಿಸ್ಮಸ್ ಟ್ರೀ ಮಾಡುವ ಬಗೆ. ಕೆಲಸವೇನೋ ಸುಲಭ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

'ಮರದ ಕ್ರಿಸ್ಮಸ್ ಮರ' ಅಂತ ಬರೆದರೆ ಓದುವವರು ನಗುತ್ತಾರೆ, ಅಲ್ವಾ? ನಮ್ಮಲ್ಲಿ ತೋಟದಲ್ಲಿ ನಿಂತಿರುವುದೂ ಮರ, ಕೊಯ್ದು ಬಾಗಿಲು ಮಾಡಿದ್ದೂ ಮರ. ಮರದ ಕೊಂಬೆ ಅಂದಾಗ ಒಂದು ಅರ್ಥ, ಮರದ ಪೆಟ್ಟಿಗೆ ಅಂದಾಗ ಇನ್ನೊಂದು. 1894ರ ಕಿಟೆಲ್ ನಿಘಂಟಿನಲ್ಲೂ ಎರಡೂ ಅರ್ಥ ಇವೆ. ತಮಿಳು, ಮಲಯಾಳ, ತುಳುವಿನಲ್ಲೂ ಹೀಗೇ. ಇದರಿಂದ ಯಾರಿಗೂ ತೊಂದರೆ ಆಗಿಲ್ಲ. ಎರಡು ಅರ್ಥ ಒಂದೇ ಕಡೆ ಬಂದು ಕೂತಾಗ ಮಾತ್ರ ಪೇಚು.

ಧಾರವಾಡದ ಕಡೆಯವರಿಗೆ ಈ ಪೇಚಿಲ್ಲ. ದೊಡ್ಡ ಬೇವಿನ ಮರಕ್ಕೂ ಅಲ್ಲಿ ಗಿಡ ಅನ್ನುತ್ತಾರೆ. ಸಾಮಾನು ಮಾಡುವ ಮರ ಅವರಿಗೆ ಕಟ್ಟಿಗೆ, ಮಾತಿನಲ್ಲಿ ಕಟಗಿ. 'ಕಟ್ಟಿಗೆಯ ಗಿಡ' ಅಂದರೆ ಮುಗಿಯಿತು. ಆದರೆ ಮೈಸೂರು ಕಡೆಯ ಮಗು ಇದನ್ನು ಓದಿದರೆ ಒಲೆಗೆ ಹಾಕುವ ಸೌದೆ ಅಂದುಕೊಳ್ಳುತ್ತದೆ. ಇನ್ನು ಮರಕ್ಕಿರುವ ಸಂಸ್ಕೃತ ಪದಗಳು, ದಾರು, ಕಾಷ್ಠ, ಬೇಡವೇ ಬೇಡ. ತೇರಿನ ಕೆತ್ತನೆಗೆ ದಾರುಶಿಲ್ಪ ಅನ್ನಿ, ಒಪ್ಪುತ್ತೇನೆ. ಮೂರನೇ ಕ್ಲಾಸಿನವರ ಕೈಕೆಲಸಕ್ಕೆ ಅದು ಜಾಸ್ತಿಯಾಯಿತು.

ನನಗೆ 'ಕಡ್ಡಿ ಮರ' ಹಿಡಿಸಿದೆ. ಯಾವುದರಿಂದ ಮಾಡಿದ್ದು ಅಂತಲೂ ಹೇಳುತ್ತದೆ, ಪುಟ್ಟದು ಅಂತಲೂ ಸುಳಿವು ಕೊಡುತ್ತದೆ. ನಿಮಗೆ ಹೇಗನ್ನಿಸುತ್ತದೆ?

ಇನ್ನೊಂದು ತೊಡಕು ಇದರ ರೂಪಕ್ಕೆ ಸೇರಿದ್ದು. ನಯ ಮಾಡದೆ ಬಿಡುವುದೇ ಇದರ ಅಂದ. ತೊಗಟೆ ಹಾಗೇ ಇರಬೇಕು, ಗಂಟು ಕಾಣಬೇಕು, ಬಣ್ಣ ಬೇಡ. ಇದನ್ನು 'ಒರಟು' ಅಂದರೆ ಬೈದ ಹಾಗಿದೆ. 'ಗ್ರಾಮೀಣ' ಅಂದರೆ ಬ್ಯಾಂಕಿನ ನೆನಪು. 'ನಾಟಿ' ತಟ್ಟನೆ ಬಾಯಿಗೆ ಬರುತ್ತದೆ, ಆದರೆ ನಾಟಿ ಕೋಳಿ, ನಾಟಿ ಟೊಮೆಟೊ ಅನ್ನುವಾಗ ಅದು ತಳಿಯ ಮಾತು. 'ಜವಾರಿ' ಇನ್ನೂ ಸ್ವಲ್ಪ ಸಡಿಲ. ಬದನೆಕಾಯಿಯೂ ಜವಾರಿ, ಆಡುವ ಮಾತೂ ಜವಾರಿ. ಕೈಯಲ್ಲಿ ಮಾಡಿದ ಸಾಮಾನಿಗೂ ಜವಾರಿ ಅನ್ನುತ್ತೀರಾ? ಉತ್ತರ ಕರ್ನಾಟಕದವರೇ ಹೇಳಬೇಕು.

ಸೂಚನೆಯ ಕರಡು ಹೀಗಿದೆ:

"ಪೆನ್ಸಿಲ್ ದಪ್ಪದ ಒಣ ಕಡ್ಡಿಗಳನ್ನು ಆರಿಸಿ. ಬುಡದ್ದು 15 ಸೆಂ.ಮೀ., ತುದಿಯದ್ದು 3 ಸೆಂ.ಮೀ. ಇರುವಂತೆ ಅಳತೆ ಇಳಿಸುತ್ತಾ ಕತ್ತರಿಸಿ. ಪ್ರತಿಯೊಂದರ ನಡುವೆ ದೊಡ್ಡವರಿಂದ ಬೈರಿಗೆಯಲ್ಲಿ ತೂತು ಹಾಕಿಸಿ. ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ ಬರುವಂತೆ ತೂತಿನಲ್ಲಿ ಹಿಡಿಸುವಷ್ಟು ತೆಳ್ಳನೆಯ ನಡುಗಡ್ಡಿಗೆ ಪೋಣಿಸಿ. ಒಂದೊಂದನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಸುತ್ತಲೂ ಕೊಂಬೆ ಚಾಚಿದಂತೆ ಕಾಣುತ್ತದೆ. ಬುಡಕ್ಕೆ ದಪ್ಪ ಕೊಂಬೆಯ ಒಂದು ಬಿಲ್ಲೆ. ಅದೂ ಒಣಗಿರಲಿ. ಹಸಿ ಬಿಲ್ಲೆ ಒಣಗುವಾಗ ಸುತ್ತಿನಲ್ಲಿ ಜಾಸ್ತಿ ಕುಗ್ಗಿ, ಅಂಚಿನಿಂದ ನಡುವಿನ ತನಕ ಸೀಳು ಬಿಡುತ್ತದೆ."

'ಬಿಲ್ಲೆ' ಬಗ್ಗೆ ನನಗೆ ಅನುಮಾನವಿಲ್ಲ, ಗುಂಡಗೆ ಚಪ್ಪಟೆಯಾದದ್ದಕ್ಕೆ ಅದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. 'ಬೈರಿಗೆ' ಬಗ್ಗೆ ಅನುಮಾನ ಇದೆ. ಕರೆಂಟಿನ ಯಂತ್ರ ಬಂದ ಮೇಲೆ ಎಲ್ಲರ ಬಾಯಲ್ಲೂ ಡ್ರಿಲ್ ತಾನೇ? ನಿಮ್ಮೂರಿನ ಬಡಗಿಗಳು ಬೈರಿಗೆ ಅನ್ನುತ್ತಾರಾ?

'ನಡುಗಡ್ಡಿ' ನಾನೇ ಕಟ್ಟಿದ್ದು. ನಡುವಿನ ಕಡ್ಡಿ ಅಂತ ಅರ್ಥ. ಕಟ್ಟಿದ ಮೇಲೆ ಹೊಳೆಯಿತು, ಉತ್ತರ ಕರ್ನಾಟಕದ ಮಾತಿನಲ್ಲಿ ಹೊಳೆ ನಡುವಿನ ನಡುಗಡ್ಡೆಯೂ ನಡುಗಡ್ಡಿಯೇ! ಬದಲಿಗೆ ಏನು ಹಾಕಲಿ? ಗೂಟ ಅಂದರೆ ದನ ಕಟ್ಟುವುದು. ಸರಳು ಅಂದರೆ ಕಬ್ಬಿಣದ್ದು. ಕಾಂಡ ಪಾಠಪುಸ್ತಕದ ಪದ. ಬೊಡ್ಡೆ ಚೆನ್ನಾಗಿದೆ, ಆದರೆ ಪೆನ್ಸಿಲ್‌ಗಿಂತ ತೆಳ್ಳಗಿರುವುದನ್ನು ಯಾರು ಬೊಡ್ಡೆ ಅಂದಾರು?

ತುದಿಗೆ ನಕ್ಷತ್ರದ ಬದಲು ಅಡುಗೆಮನೆಯ ಚಕ್ರಮೊಗ್ಗು ಅಂಟಿಸುತ್ತೇವೆ. ಸುಮ್ನೆ ಇಟ್ಟರೂ ನಕ್ಷತ್ರದ ಹಾಗೇ ಇರುತ್ತದೆ. ಕೆಲವು ಮನೆಗಳಲ್ಲಿ ಇದಕ್ಕೆ ಅನಾನಸ್ ಹೂ ಅನ್ನುತ್ತಾರೆ. ಅದನ್ನೂ ಪಕ್ಕದಲ್ಲಿ ಬರೆಯದಿದ್ದರೆ ಮಕ್ಕಳು ಹಣ್ಣಿನಂಗಡಿಗೆ ಹೋಗುವುದಿಲ್ಲ ನಿಜ, ಆದರೆ ಚಕ್ರಮೊಗ್ಗು ಯಾವುದು ಅಂತ ಕೇಳಿಯೇ ಕೇಳುತ್ತಾರೆ. ನಿಮ್ಮ ಕಡೆಯ ಹೆಸರು ಬೇರೆ ಇದ್ದರೆ ಅದನ್ನೂ ತಿಳಿಸಿ, ಸೇರಿಸುತ್ತೇನೆ.