ಸಹಾಯ ಬೇಕು: ಬಯೋಸ್ ಅಪ್‌ಡೇಟ್ ಆದಾಗಿನಿಂದ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ ರೀ. ನಾನು ಧಾರವಾಡದ ಸಪ್ತಾಪುರದಲ್ಲಿ ಇರುತ್ತೇನೆ. ಮೂರು ವರ್ಷ ಒಂದೂ ತಕರಾರಿಲ್ಲದೆ ನಡೆದ ಲ್ಯಾಪ್‌ಟಾಪ್ ಇದು. ಎರಡು ವಾರದ ಹಿಂದೆ ವಿಂಡೋಸ್ ಅಪ್‌ಡೇಟ್ ಜೊತೆಗೆ ಬಯೋಸ್ (ಲ್ಯಾಪ್‌ಟಾಪ್ ಆನ್ ಮಾಡಿದಾಗ ಮೊದಲು ಓಡುವ, ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಪ್ರೋಗ್ರಾಂ) ಅಪ್‌ಡೇಟೂ ಬಂತು. ಅವತ್ತಿನಿಂದ ಶುರು.

ಸುಮ್ನೆ ಇಟ್ಟಾಗಲೇ ಜಾಸ್ತಿ ಹ್ಯಾಂಗ್ ಆಗುತ್ತದೆ. ನಿನ್ನೆ ಪಿಡಿಎಫ್ ಓದುತ್ತಾ ಕೂತಿದ್ದೆ. ಮೌಸ್ ಬಾಣ ಪರದೆ ನಡುವೆ ನಿಂತುಬಿಟ್ಟಿತು. ಗಡಿಯಾರ 9.42ಕ್ಕೇ ನಿಂತಿತು. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪವೂ ಹತ್ತಲಿಲ್ಲ. ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲ ಕರ್ನಲ್-ಪವರ್ 41 ಅನ್ನೋ ಎರರ್ ಕಾಣುತ್ತದೆ. ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟೇ ಅದರ ಅರ್ಥ, ಕಾರಣ ಹೇಳುವುದಿಲ್ಲ.

ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ಒಂದೂ ಎರರ್ ಇಲ್ಲ. ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದ ಉಬುಂಟು (ಬೇರೆ ಆಪರೇಟಿಂಗ್ ಸಿಸ್ಟಂ) ಓಡಿಸಿ ನೋಡಿದರೂ ಹಾಗೇ ನಿಂತಿತು. ಅಂದರೆ ವಿಂಡೋಸ್ ತಪ್ಪಲ್ಲ, ಅಲ್ವಾ? ಪ್ರೊಸೆಸರ್ ಗಾಢ ನಿದ್ದೆಗೆ ಹೋಗದಂತೆ ಸಿ-ಸ್ಟೇಟ್ (ಅದರ ನಿದ್ದೆಯ ಹಂತ) 1ಕ್ಕೆ ಕಟ್ಟಿಹಾಕಿದಾಗ ಮಾತ್ರ ಆರು ಗಂಟೆ ನಿಲ್ಲದೆ ನಡೆಯಿತು. ಹಾಗಾಗಿ ಹೊಸ ಬಯೋಸ್ ಮೇಲೆಯೇ ನನ್ನ ಅನುಮಾನ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಿಸಿ ಅಂದರು. ಅಷ್ಟು ರೊಕ್ಕ ಸದ್ಯ ನನ್ನ ಹತ್ತಿರ ಇಲ್ಲ. ಹಳೇ ಬಯೋಸ್ ಫೈಲ್ ಸಿಕ್ಕಿದೆ, ಆದರೆ ಹಾಕಲು ಹೋದರೆ ಹಿಂದಿನ ಆವೃತ್ತಿಗೆ ಹೋಗಲು ಬಿಡುತ್ತಿಲ್ಲ.

ನಮ್ಮ ಕಡೆ ಸಿಎಚ್341ಎ ಪ್ರೋಗ್ರಾಮರ್ (ಚಿಪ್ ಓದಿ ಬರೆಯುವ ಸಣ್ಣ ಯುಎಸ್‌ಬಿ ಸಾಧನ) ಇಟ್ಟುಕೊಂಡು ಬಯೋಸ್ ಚಿಪ್‌ಗೇ ನೇರವಾಗಿ ಬರೆಯುವವರು ಯಾರಾದರೂ ಗೊತ್ತಾ? ಮೊದಲು ಈಗಿರುವುದರ ಕಾಪಿ ತೆಗೆದಿಡುವವರೇ ಬೇಕು. ಸೀರಿಯಲ್ ನಂಬರ್, ವಿಂಡೋಸ್ ಕೀ ಎಲ್ಲ ಆ ಚಿಪ್‌ನಲ್ಲೇ ಇರುತ್ತವೆ. ಮುಂದಿನ ವಾರ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕು, ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ ರೀ.