ಜೊತೆಯವರಿಗೇ ಸೂಪರ್‌ವೈಸರ್ ಆಗಿದ್ದೇನೆ, ದಿನನಿತ್ಯದ ನಡವಳಿಕೆ ಹೇಗಿರಬೇಕು? ಅನುಭವ ಹೇಳಿ

ಚಾಕಣದಿಂದ:
ಪುಣೆಯ ಹತ್ತಿರ, ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಆರು ವರ್ಷ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಆಪರೇಟರ್ ಆಗಿದ್ದೆ. ಕಳೆದ ತಿಂಗಳು ಎರಡನೇ ಪಾಳಿಯ ಸೂಪರ್‌ವೈಸರ್ ಮಾಡಿದರು. ಹನ್ನೊಂದು ಜನ: ಬೀದರ್, ಕಲಬುರಗಿ ಕಡೆಯ ನಾಲ್ವರು, ಮರಾಠಿಗರು ಐವರು, ಬಿಹಾರದವರು ಇಬ್ಬರು. ಮೊನ್ನೆಯವರೆಗೆ ನನ್ನ ಡಬ್ಬಿಯಲ್ಲಿ ಕೈಹಾಕಿ ಉಣ್ಣುತ್ತಿದ್ದವರು ಈಗ ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಾರೆ. ತರಬೇತಿಯ ಮಾತು ಬೇಡ. ಯಾವ ಸಣ್ಣ ಅಭ್ಯಾಸ ನಿಮ್ಮ ಕೈಹಿಡಿಯಿತು, ಯಾವುದು ಕೈಕೊಟ್ಟಿತು, ಹೇಳಿ.

ಭೋಸರಿಯಿಂದ:
ಏನು ಮಾಡಿದರೂ ಚಹಾ ಕುಡಿಸಲು ಹೋಗಬೇಡಿ. ತಗಡು ಒತ್ತುವ ಪ್ರೆಸ್ ಶಾಪ್ ನನ್ನ ಕೈಗೆ ಬಂದ ದಿನವೇ ನಾನು ಶುರುಮಾಡಿದೆ. ಹದಿನಾಲ್ಕು ಜನ, ಕಟಿಂಗ್ (ಅರ್ಧ ಲೋಟ ಚಹಾ) ಒಂದಕ್ಕೆ 12 ರೂಪಾಯಿ, ದಿನಕ್ಕೆ 168. ಗುರುವಾರ ರಜೆ ಬಿಟ್ಟು ತಿಂಗಳಿಗೆ 26 ದಿನ, 4,368. ಹತ್ತೊಂಬತ್ತು ತಿಂಗಳಿಗೆ 82,992 ರೂಪಾಯಿ, ಎಲ್ಲವೂ ನನ್ನ ಕಿಸೆಯಿಂದ. ಮಗಳ ಟ್ಯೂಷನ್ ಶುಲ್ಕ ಕಟ್ಟಬೇಕಾಗಿ ಬಂದಾಗ ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ. ಮುಂದಿನ ವಾರ ಡೈ, ಅಂದರೆ ಒತ್ತುವ ಅಚ್ಚಿನ, ಮೂಲೆ ಮುರಿದದ್ದನ್ನು ಇಬ್ಬರು ಕಣ್ಣಾರೆ ನೋಡಿದ್ದರೂ ನನಗೆ ಹೇಳಲಿಲ್ಲ. 340 ಪೀಸು ಅಂಚಿನಲ್ಲಿ ಬರ್ (ಚೂಪಾದ ಏಣು) ಉಳಿದೇ ಹೋದವು, ಗ್ರಾಹಕ ಗಾಡಿಯನ್ನೇ ಹಿಂದಕ್ಕೆ ಕಳಿಸಿದ. ಸಾಗಣೆಯ 6,800 ರೂಪಾಯಿ ನನ್ನ ಇನ್ಸೆಂಟಿವ್‌ನಲ್ಲಿ ಮುರಿದುಕೊಂಡರು. ಚಹಾ ಅವರ ಲೆಕ್ಕದಲ್ಲಿ ಸಂಬಳವಾಗಿಬಿಟ್ಟಿತ್ತು, ನಾನು ಸಂಬಳ ಕಡಿದ ಹಾಗಾಯಿತು.

ಮುಂಬೈಯ ಮಾಟುಂಗಾದಿಂದ, ಹೋಟೆಲಿನವನು:
ಮಾರಾಯರೇ, ತಪ್ಪು ಚಹಾದ್ದಲ್ಲ, ನೀವು ಬರೆದಿಟ್ಟ ಲೆಕ್ಕದ್ದು. ಆಳುಗಳಿಗೆ ಅದು ಮುಖ ನೋಡಿದರೆ ತಿಳಿಯುತ್ತದೆ. ನಾನು 1989ರಲ್ಲಿ ಕುಂದಾಪುರದ ಕಡೆಯಿಂದ ಬಂದು ತಟ್ಟೆ ತೊಳೆದವನು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಈಗ ಹೋಟೆಲಿನಲ್ಲಿ ಪಾಲುದಾರ, 22 ಜನರಿದ್ದಾರೆ. ಎಲ್ಲರ ಊಟವಾದ ಮೇಲೆ, ಮೂರೂವರೆಗೆ, ಅವರು ಉಂಡ ಸಾರನ್ನೇ ನಾನೂ ಉಣ್ಣುತ್ತೇನೆ.
ಆದರೂ ಒಂದು ಭಾನುವಾರ ಬೆಳಿಗ್ಗೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ, ಸೀದುಹೋದ ದೋಸೆಗಾಗಿ ಭಟ್ಟರನ್ನು ಗಲ್ಲಾದಲ್ಲಿ ಕುಳಿತೇ ಗದರಿಸಿದೆ. ಅವರು ಕೈ ಒರೆಸಿಕೊಂಡು, ಟವೆಲನ್ನು ಮೊಳೆಗೆ ತೂಗುಹಾಕಿ ಹೊರಟೇಹೋದರು. ಹನ್ನೊಂದು ದಿನ ದೋಸೆಯ ಕಲ್ಲು ತಣ್ಣಗಿತ್ತು. ದಿನಕ್ಕೆ 7,500ರಂತೆ 82,500 ರೂಪಾಯಿ ವ್ಯಾಪಾರ ಹೋಯಿತು. ನಿಮ್ಮ ಹತ್ತೊಂಬತ್ತು ತಿಂಗಳ ಚಹಾ ನನಗೆ ಒಂದೇ ಮಾತಿನಲ್ಲಿ ಹೋಯಿತು! ಬಸ್ಸು ಹತ್ತಿ ಅವರ ಮನೆಗೇ ಹೋದೆ. ಬಂದರು. ಆದರೆ ಅಡುಗೆಮನೆಯಲ್ಲಿ ಎಲ್ಲರ ಎದುರು ತಪ್ಪಾಯಿತು ಎಂದು ನಾನು ಹೇಳುವವರೆಗೆ ಸೌಟು ಮುಟ್ಟಲಿಲ್ಲ. ಬೈದದ್ದು ನಾಲ್ವರ ಎದುರಾದರೆ ಕ್ಷಮೆಯೂ ನಾಲ್ವರ ಎದುರೇ ಆಗಬೇಕು.

ಭೋಸರಿಯಿಂದ:
ನೀವು ಮಾಲೀಕರು. ಗಲ್ಲಾ ನಿಮ್ಮದು, ಸಾರೂ ನಿಮ್ಮದು. ನಾನು ಸಂಬಳದವನು, ಲೆಕ್ಕ ಇಡದೆ ಹೇಗೆ ಬದುಕಲಿ? ಮುಖ ನೋಡಿದರೆ ತಿಳಿಯುತ್ತದೆ ಎನ್ನುವ ಮಾತು ಹಿಂತೆಗೆದುಕೊಳ್ಳಿ.

ವೆರ್ಣಾದಿಂದ, ಗೋವಾ:
ಅಣ್ಣಂದಿರೇ, ಹಣದ ಮಾತು ಸಾಕು. ಔಷಧದ ಪ್ಯಾಕಿಂಗ್ ಲೈನಿನಲ್ಲಿ ಹದಿನೇಳು ಜನ ನನ್ನ ಕೈಕೆಳಗಿದ್ದಾರೆ. ಆರು ಹುಡುಗಿಯರು ನಮ್ಮ ಹಾವೇರಿ, ಗದಗಿನವರು. ಅವರೊಡನೆ ಕನ್ನಡ, ಉಳಿದವರೊಡನೆ ಹಿಂದಿ. ನನಗೆ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಒಂದು ದಿನ ಕಾರ್ಟನ್ ಮೇಲೆ ಎಕ್ಸ್‌ಪೈರಿ ತಿಂಗಳು ತಪ್ಪಾಗಿ ಅಚ್ಚಾಯಿತು. ಗೋವಾದ್ದೇ ಆದ ಕಾಣಕೋಣದ ಹುಡುಗಿಯೊಬ್ಬಳು ಮೊದಲ ನಿಮಿಷದಲ್ಲೇ ಕಂಡಿದ್ದಳು. ನನಗೆ ತಿಳಿದದ್ದು ನಲವತ್ತು ನಿಮಿಷದ ನಂತರ. ನಿಮಿಷಕ್ಕೆ 54ರಂತೆ 2,160 ಕಾರ್ಟನ್ ನಾಶಪಡಿಸಿದೆವು, ಪ್ರತಿಯೊಂದನ್ನೂ ಎಣಿಸಿ, ಬರೆದು, ಸಹಿ ಹಾಕಿ, ರಾತ್ರಿ ಹತ್ತೂವರೆಯವರೆಗೆ. ಏಕೆ ಹೇಳಲಿಲ್ಲ ಎಂದರೆ, "ನೀವು ನಿಮ್ಮವರ ಜೊತೆ ಮಾತನಾಡುತ್ತಿದ್ದಿರಿ" ಎಂದಳು.
ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಲೈನಿನ ಮೇಲೆ ಕೆಲಸದ ಮಾತು ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ. ಯಾರು ಕೆಟ್ಟ ಸುದ್ದಿ ತಂದರೂ, ಕಾರ್ಟನ್ ನೋಡುವ ಮೊದಲೇ "ಹೇಳಿದ್ದು ಒಳ್ಳೆಯದಾಯಿತು" ಎನ್ನುತ್ತೇನೆ. ಟೊಯೋಟಾದ ಆಂಡಾನ್ ಹಗ್ಗ, ಅಂದರೆ ತಪ್ಪು ಕಂಡ ಕೆಲಸಗಾರ ಎಳೆದು ಸಹಾಯ ಕರೆಯುವ ಹಗ್ಗ, ಚಾಕಣದವರಿಗೆ ಹೊಸದಲ್ಲ. ಹಗ್ಗ ಎಳೆದಾಗ ಓಡಿಬಂದವರ ಮುಖ ಗಂಟಿಕ್ಕಿದ್ದರೆ ಎರಡನೆಯ ಸಲ ಅದನ್ನು ಯಾರು ಎಳೆಯುತ್ತಾರೆ?

ಪಿಂಪ್ರಿಯಿಂದ:
ಅಂದರೆ ಕನ್ನಡಿಗರು ಕನ್ನಡಿಗರ ಜೊತೆ ಕನ್ನಡ ಆಡಬಾರದೇ? ಮೂವತ್ತು ವರ್ಷದಿಂದ ಇಲ್ಲಿದ್ದೇನೆ, ನನ್ನ ಸಾಹೇಬರು ನನ್ನೆದುರೇ ತಮ್ಮವರೊಡನೆ ಮರಾಠಿ ಆಡಿದಾಗ ಯಾರೂ ತಪ್ಪು ಎನ್ನಲಿಲ್ಲ.

ವೆರ್ಣಾದಿಂದ:
ಊಟದ ಹೊತ್ತಿನಲ್ಲಿ ಬೇಕಾದಷ್ಟು ಆಡಿ, ನಾನೂ ಆಡುತ್ತೇನೆ. ನಿಮ್ಮ ಸಾಹೇಬರು ಹಾಗೆ ಆಡಿದಾಗ ನಿಮಗೆ ಹೇಗಾಗುತ್ತಿತ್ತೋ ಆ ಹುಡುಗಿಗೂ ಹಾಗೇ ಆಗಿದೆ.

ಪಿಂಪ್ರಿಯಿಂದ:
ನನಗೆ ಪಾಠ ಬೇಡ. ನಾನು ಮರಾಠಿ ಕಲಿತೆ, ಅವರು ಎರಡು ಮಾತು ಕನ್ನಡ ಕಲಿಯಲಿ.

ಡೊಂಬಿವಲಿಯಿಂದ:
ಜಗಳ ಬಿಡಿ. 2005ರ ಜುಲೈ 26ರಂದು ನಾನು ಮಸ್ಜಿದ್ ಬಂದರಿನ ಒಂದು ಸಾಗಣೆ ಕಚೇರಿಯಲ್ಲಿ ಗುಮಾಸ್ತ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ಲೋಕಲ್ ರೈಲುಗಳು ನಿಂತವು, ಮೊಬೈಲ್‌ಗಳು ಕೆಲಸ ಮಾಡಲಿಲ್ಲ. ನಮ್ಮ ಮುಖ್ಯಸ್ಥರಿಗೆ ಒಂದು ಅಭ್ಯಾಸವಿತ್ತು: ಪ್ರತಿ ಸೋಮವಾರ ಒಬ್ಬರನ್ನು ಕೂರಿಸಿಕೊಂಡು ಮನೆಯ ಕ್ಷೇಮ ಕೇಳಿ ಡೈರಿಯಲ್ಲಿ ಬರೆದುಕೊಳ್ಳುವುದು. ನಮ್ಮ ಚಾಳಿನ ಕೆಳಗಿನ ಕಿರಾಣಿ ಅಂಗಡಿಯ ನಂಬರ್ ಅದರಲ್ಲಿತ್ತು. ರಾತ್ರಿ ಎರಡರವರೆಗೆ ಲ್ಯಾಂಡ್‌ಲೈನ್ ತಿರುಗಿಸುತ್ತಲೇ ಇದ್ದರು. ಸಿಕ್ಕ ಮನೆಗೆಲ್ಲ "ನಿಮ್ಮವರು ಕಚೇರಿಯಲ್ಲಿ ಸುರಕ್ಷಿತವಾಗಿದ್ದಾರೆ" ಎಂದರು. ಅಮ್ಮನಿಗೆ ಆ ರಾತ್ರಿಯೇ ಸುದ್ದಿ ಮುಟ್ಟಿತು.
2011ರಲ್ಲಿ ನಾನು ಮುಖ್ಯಸ್ಥನಾದಾಗ ಅದನ್ನೇ ಮಾಡಲು ಹೋದೆ. ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು "ನನ್ನ ಮನೆಯ ವಿಷಯ ನಿಮಗೇಕೆ?" ಎಂದು ಕೇಳಿದಳು. ಎಲ್ಲರ ಎದುರು ಮುಖ ಬಾಡಿತು, ನಾಲ್ಕು ತಿಂಗಳು ಯಾರನ್ನೂ ಏನೂ ಕೇಳಲಿಲ್ಲ. ಆಮೇಲೆ ಪ್ರಶ್ನೆ ಬದಲಿಸಿದೆ: "ಈ ತಿಂಗಳು ಯಾವ ದಿನ ಬೇಗ ಹೋಗಬೇಕಾಗಿದೆ?" ಹೇಳಬೇಕಾದ್ದನ್ನು ಅವರೇ ಹೇಳುತ್ತಾರೆ. ತಮ್ಮಾ, ಇದನ್ನು ಮಾಡಿ ನೋಡು.

ಮಾಟುಂಗಾದಿಂದ:
ಭೋಸರಿಯವರೇ, ಮುಖದ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಲೆಕ್ಕದ ಮಾತನ್ನಲ್ಲ.

ಚಾಕಣದಿಂದ:
ಎಲ್ಲರಿಗೂ ನಮಸ್ಕಾರ. ಭೋಸರಿಯ ಅಣ್ಣನವರಿಗೆ ಒಂದು ಪ್ರಶ್ನೆ. ಡೈ ಮುರಿದದ್ದನ್ನು ನೋಡಿದ ಆ ಇಬ್ಬರು ಆಮೇಲೆ ಏನು ಹೇಳಿದರು?

ಭೋಸರಿಯಿಂದ:
ನಾನು ಕೇಳಿಲ್ಲ. ಒಬ್ಬ ಕೆಲಸ ಬಿಟ್ಟು ಹೋದ. ಇನ್ನೊಬ್ಬ ಈಗಲೂ ನನ್ನ ಪಾಳಿಯಲ್ಲೇ ಇದ್ದಾನೆ.