ಕ್ಯಾಬಿನೆಟ್ ಒಳಗೆ ವೈಫೈ ಅಡಾಪ್ಟರ್ ಕೂರಿಸಿದರೆ ಸಿಗ್ನಲ್ ಕುಸಿಯುತ್ತಿದೆ, ಸರಿಯಾದ ದಾರಿ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರೌಟರ್ ಇದ್ದ ಕೋಣೆಯಲ್ಲೇ ನನ್ನ ಡೆಸ್ಕ್‌ಟಾಪ್ ಕೂಡ ಇದ್ದುದರಿಂದ ಇದುವರೆಗೆ ಲ್ಯಾನ್ ಕೇಬಲ್‌ನಲ್ಲೇ ಕೆಲಸ ಸಾಗುತ್ತಿತ್ತು. ಈಗ ಅದನ್ನು ಪಕ್ಕದ ಕೋಣೆಗೆ ಸಾಗಿಸಿದ್ದೇನೆ. ನಡುವೆ ಒಂದು ಇಟ್ಟಿಗೆ ಗೋಡೆಯಿದ್ದು, ಕೇಬಲ್ ಎಳೆಯಲು ಅನುಕೂಲವಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ತಂದು ಮುಂಭಾಗದ ಪೋರ್ಟ್‌ಗೆ ಹಾಕಿದೆ. ಸಿಗ್ನಲ್ ಚೆನ್ನಾಗಿಯೇ ಬಂದಿತು, ಆದರೆ ಮೇಜಿನ ಕೆಳಗೆ ಮೊಣಕಾಲು ತಾಗಿ ಅದು ಎರಡು ಬಾರಿ ಬಾಗಿತು. ಹಿಂಭಾಗದ ಪೋರ್ಟ್‌ಗೆ ಬದಲಾಯಿಸಿದರೆ ಸಂಪರ್ಕ ಆಗಾಗ ಕಡಿದುಹೋಗುತ್ತದೆ.

ಹಾಗಾಗಿ ಮದರ್‌ಬೋರ್ಡ್‌ನ ಒಂಬತ್ತು ಪಿನ್ನುಗಳ ಯುಎಸ್‌ಬಿ ಹೆಡರ್‌ಗೆ (ಒಳಗಿನ ಕೇಬಲ್ ಸಿಕ್ಕಿಸುವ ಪಿನ್ನುಗಳ ಗುಂಪಿಗೆ) ಒಂದು ಕೇಬಲ್ ಜೋಡಿಸಿ, ಅಡಾಪ್ಟರ್ ಅನ್ನು ಕ್ಯಾಬಿನೆಟ್‌ನ ಒಳಗೇ ಇಟ್ಟು ಮುಚ್ಚಿದೆ. ಈಗ ಒಂದೇ ಗೆರೆ ಸಿಗ್ನಲ್ ತೋರಿಸುತ್ತದೆ. ಪಕ್ಕದ ಮುಚ್ಚಳ ತೆಗೆದರೆ ಮೂರು ಗೆರೆಗೆ ಏರುತ್ತದೆ. ಕ್ಯಾಬಿನೆಟ್ ಪೂರ್ತಿ ಉಕ್ಕಿನದು, ಆದರೆ ಮುಂಭಾಗದಲ್ಲಿ ಗಾಳಿ ಬರಲು ದೊಡ್ಡ ಜಾಲರಿಯಿದೆ. ಅಷ್ಟು ತೂತುಗಳಿದ್ದರೂ ಸಿಗ್ನಲ್ ಒಳಗೆ ಬರುವುದಿಲ್ಲವೇ? ಅಡಾಪ್ಟರ್ ಅನ್ನು ಆ ಜಾಲರಿಯ ಹತ್ತಿರ ಅಂಟಿಸಿದರೆ ಪ್ರಯೋಜನವಾದೀತೇ? ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ತೆಳುವಾದ ಸಣ್ಣ ಮಾಡ್ಯೂಲ್ ಕೂರಿಸುವ ಜಾಗ) ಎರಡಿದ್ದು ಒಂದು ಖಾಲಿಯಿದೆ. ಅಲ್ಲಿ ವೈಫೈ ಮಾಡ್ಯೂಲ್ ಹಾಕಬಹುದೇ? ಹೆಚ್ಚುವರಿ ಕಾರ್ಡ್ ಸಿಕ್ಕಿಸುವ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗ್ರಾಫಿಕ್ಸ್ ಕಾರ್ಡ್‌ನ ಅಡಿಯಲ್ಲಿ ಮುಚ್ಚಿಹೋಗಿದೆ, ಕೆಳಗಿನ ಉದ್ದನೆಯ ಸ್ಲಾಟ್ ಮಾತ್ರ ಉಳಿದಿದೆ.

ಮೊದಲ ಉತ್ತರ

ಮುಚ್ಚಳ ತೆಗೆದಾಗ ಸಿಗ್ನಲ್ ಏರಿತು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಉಕ್ಕಿನ ತಗಡು ರೇಡಿಯೋ ಅಲೆಗಳನ್ನು ಪ್ರತಿಫಲಿಸಿ ಹೊರಗೇ ತಡೆಯುತ್ತದೆ. ಜಾಲರಿಯ ತೂತುಗಳು ನಮ್ಮ ಕಣ್ಣಿಗೆ ತೆರೆದ ಬಾಗಿಲಿನಂತೆ ಕಂಡರೂ ಅಲೆಗೆ ಹಾಗಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6 ಸೆಂಟಿಮೀಟರ್. ಕೆಲವೇ ಮಿಲಿಮೀಟರ್ ಅಗಲದ ತೂತುಗಳಿರುವ ಲೋಹದ ಜಾಲರಿ ಇಂಥ ಅಲೆಗಳ ಪಾಲಿಗೆ ಹೆಚ್ಚುಕಡಿಮೆ ಗೋಡೆಯೇ. ಮೈಕ್ರೋವೇವ್ ಒಲೆಯ ಬಾಗಿಲಿನಲ್ಲಿರುವ ಜಾಲರಿಯ ಕೆಲಸವೂ ಇದೇ: ಸುಮಾರು 2.45 ಗಿಗಾಹರ್ಟ್ಸ್‌ನ ಅಲೆ ಒಳಗೇ ಉಳಿಯಬೇಕು, ಬೆಳಕು ಮಾತ್ರ ಹೊರಬಂದು ಆಹಾರ ಕಾಣಬೇಕು. ಆದ್ದರಿಂದ ಜಾಲರಿಯ ಹತ್ತಿರ ಅಂಟಿಸುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಈಗ ಸಿಗುತ್ತಿರುವ ಆ ಒಂದು ಗೆರೆ ಸಿಗ್ನಲ್ ಕೂಡ ಮುಚ್ಚಳದ ಸಂದುಗಳಿಂದ ಮತ್ತು ಹಿಂಭಾಗದ ಕಿಂಡಿಗಳಿಂದ ನುಸುಳಿ ಬಂದದ್ದು.

ಒಳಗಿನ ಸದ್ದು ಇನ್ನೊಂದು ತೊಂದರೆ. ಕಿವಿಗೆ ಕೇಳುವ ಸದ್ದಲ್ಲ, ರೇಡಿಯೋ ಸದ್ದು. ಯುಎಸ್‌ಬಿ 3.0 ಮಾರ್ಗಗಳು 2.4 ಗಿಗಾಹರ್ಟ್ಸ್ ಪಟ್ಟಿಯ ಆಸುಪಾಸಿನಲ್ಲಿ ಸದ್ದು ಹೊರಸೂಸುತ್ತವೆ ಎಂಬುದನ್ನು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದ ಒಂದು ತಾಂತ್ರಿಕ ಲೇಖನದಲ್ಲಿ ವಿವರಿಸಿದೆ. ಹಿಂಭಾಗದ ಪೋರ್ಟ್‌ನಲ್ಲಿ ನಿಮ್ಮ ಸಂಪರ್ಕ ಕಡಿಯುವುದಕ್ಕೆ ಯಂತ್ರದ ಲೋಹದ ಮೈ ಅಡ್ಡ ನಿಂತಿರುವುದರ ಜೊತೆಗೆ ಈ ಸದ್ದೂ ಕಾರಣವಿರಬಹುದು. ಅಡಾಪ್ಟರ್ 5 ಗಿಗಾಹರ್ಟ್ಸ್‌ನಲ್ಲಿಯೂ ಕೆಲಸ ಮಾಡುವಂಥದ್ದಾದರೆ ಆ ಪಟ್ಟಿಗೆ ಬದಲಾಯಿಸಿ ನೋಡಿ. ಗೋಡೆ ದಾಟುವಾಗ ಅದು ಹೆಚ್ಚು ಸೊರಗುತ್ತದೆ ಎಂಬುದೂ ನೆನಪಿರಲಿ.

ಅಡಾಪ್ಟರ್ ಒಳಗಿರುವುದು ತಪ್ಪಲ್ಲ, ಆಂಟೆನಾ ಒಳಗಿರುವುದೇ ತಪ್ಪು. ನಿಮ್ಮ ಅಡಾಪ್ಟರ್‌ನಲ್ಲಿ ಅವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ.

ಎರಡನೆಯ ಉತ್ತರ

ಮೇಲಿನವರು ಕಾರಣವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಜೋಡಣೆಯ ಬಗ್ಗೆ ಬರೆಯುತ್ತೇನೆ.

ಖಾಲಿಯಿರುವ ಎಂ.2 ಸ್ಲಾಟ್‌ನ ಆಸೆ ಬಿಡಿ. ಎಸ್‌ಎಸ್‌ಡಿಗಾಗಿ ಇರುವ ಸ್ಲಾಟ್‌ಗಳಿಗೆ ಎಂ ಕೀ (ಕಚ್ಚಿನ ಒಂದು ಬಗೆ) ಇರುತ್ತದೆ, ವೈಫೈ ಮಾಡ್ಯೂಲ್‌ಗೆ ಇ ಕೀ ಬೇಕು. ಕಚ್ಚುಗಳ ಜಾಗವೇ ಬೇರೆಯಾದ್ದರಿಂದ ಅದು ಕೂರುವುದಿಲ್ಲ. ಮುಂದೆ ಎಂದಾದರೂ ಇ ಕೀ ಇರುವ ಬೋರ್ಡ್ ಕೊಂಡರೆ ಇನ್ನೊಂದು ಎಚ್ಚರ ಬೇಕು: ಇಂಟೆಲ್‌ನ ಎಎಕ್ಸ್ 201, ಎಎಕ್ಸ್ 211 ಮಾಡ್ಯೂಲ್‌ಗಳು ಅದೇ ಸಂಸ್ಥೆಯ ಕೆಲವು ಚಿಪ್‌ಸೆಟ್‌ಗಳ ಜೊತೆಗಷ್ಟೇ ಕೆಲಸ ಮಾಡುತ್ತವೆ, ಎಎಕ್ಸ್ 200 ಮತ್ತು ಎಎಕ್ಸ್ 210 ಮಾಡ್ಯೂಲ್‌ಗಳಿಗೆ ಆ ಕಟ್ಟುಪಾಡಿಲ್ಲ.

ನಿಮಗೆ ಒಪ್ಪುವುದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಚಿಕ್ಕ ಕಾರ್ಡ್ ಅನ್ನು ಉದ್ದನೆಯ ಸ್ಲಾಟ್‌ಗೆ ಹಾಕುವುದರಲ್ಲಿ ದೋಷವೇನೂ ಇಲ್ಲ, ಉಳಿದ ಭಾಗ ಸುಮ್ಮನೆ ಖಾಲಿಯಿರುತ್ತದೆ. ವೇಗದ ಚಿಂತೆಯೂ ಬೇಡ: ಪಿಸಿಐ ಎಕ್ಸ್‌ಪ್ರೆಸ್‌ನ ಎರಡನೆಯ ಪೀಳಿಗೆಯ ಒಂದು ಲೇನ್ (ದತ್ತಾಂಶ ಸಾಗುವ ದಾರಿ) ಸೆಕೆಂಡಿಗೆ 500 ಮೆಗಾಬೈಟ್, ಅಂದರೆ 4 ಗಿಗಾಬಿಟ್ ಸಾಗಿಸಬಲ್ಲದು, ಎರಡು ಆಂಟೆನಾಗಳ ವೈಫೈ 6 ಕಾರ್ಡ್ 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಕಾಗದದ ಮೇಲೆ ಮುಟ್ಟುವ ಗರಿಷ್ಠ ವೇಗವೇ ಸೆಕೆಂಡಿಗೆ 1201 ಮೆಗಾಬಿಟ್. ಕೆಲವು ಬೋರ್ಡ್‌ಗಳಲ್ಲಿ ಕೆಳಗಿನ ಸ್ಲಾಟ್ ಮತ್ತು ಎರಡನೆಯ ಎಂ.2 ಒಂದೇ ಲೇನ್‌ಗಳನ್ನು ಹಂಚಿಕೊಂಡಿರುತ್ತವೆ, ಒಂದನ್ನು ಬಳಸಿದರೆ ಇನ್ನೊಂದು ನಿಲ್ಲುತ್ತದೆ; ಕೈಪಿಡಿಯಲ್ಲಿ ಅದನ್ನೊಮ್ಮೆ ಓದಿಕೊಳ್ಳಿ.

ಕಾರ್ಡ್‌ನ ಡ್ರೈವರ್ ಅನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಹಳೆಯ ಅಡಾಪ್ಟರ್ ತೆಗೆದ ಮೇಲೆ ನಿಮ್ಮ ಯಂತ್ರಕ್ಕೆ ಇಂಟರ್ನೆಟ್ ಇರುವುದಿಲ್ಲ. ಯಂತ್ರವನ್ನು ಆರಿಸಿ, ಪವರ್ ಸಪ್ಲೈನ ಹಿಂದಿನ ಸ್ವಿಚ್ ಕೂಡ ಆರಿಸಿ, ಅನಂತರ ಮುಂಭಾಗದ ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ ಬರಿದಾಗುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ ಕಳೆದುಕೊಂಡ ಮೇಲಷ್ಟೇ ಕಾರ್ಡ್ ಹಿಡಿಯಿರಿ. ಆ ಸ್ಲಾಟ್‌ಗೆ ಎದುರಾಗಿರುವ ಹಿಂಭಾಗದ ಲೋಹದ ಪಟ್ಟಿ ತೆಗೆದು, ಕಾರ್ಡ್ ಅನ್ನು ಓರೆಯಾಗದಂತೆ ನೇರವಾಗಿ ಒತ್ತಿ ಸ್ಕ್ರೂ ಬಿಗಿಯಿರಿ. ಆಂಟೆನಾಗಳನ್ನು ಬೆರಳಿನಿಂದಲೇ ತಿರುಗಿಸಿದರೆ ಸಾಕು, ಇಕ್ಕುಳ ಬಳಸಬೇಡಿ. ಎರಡನ್ನೂ ಹಾಕಿ, ಒಂದನ್ನು ಬಿಟ್ಟರೆ ವೇಗವೂ ವ್ಯಾಪ್ತಿಯೂ ಕುಗ್ಗುತ್ತವೆ.

ಆಂಟೆನಾದ ತುದಿಯನ್ನು ರೌಟರ್ ಕಡೆಗೆ ಗುರಿಯಿಡುವವರು ಬಹಳ ಮಂದಿ. ಕಡ್ಡಿಯಂಥ ಆಂಟೆನಾ ತನ್ನ ಸುತ್ತಲೂ ಅಲೆ ಹರಡುತ್ತದೆಯೇ ಹೊರತು ತುದಿಯಿಂದಲ್ಲ. ಆದ್ದರಿಂದ ಅದನ್ನು ನೆಟ್ಟಗೆ ನಿಲ್ಲಿಸುವುದೇ ಒಳ್ಳೆಯದು. ನಿಮ್ಮ ಕ್ಯಾಬಿನೆಟ್ ಮೇಜಿನ ಕೆಳಗೆ ಗೋಡೆಗೆ ಒತ್ತಿಕೊಂಡಿದ್ದರೆ, ತಂತಿಯಿರುವ, ಅಡಿಯಲ್ಲಿ ಅಯಸ್ಕಾಂತದ ಪೀಠವಿರುವ ಆಂಟೆನಾ ಜೊತೆಗೆ ಬರುವ ಕಾರ್ಡ್ ಆರಿಸಿ, ಪೀಠವನ್ನು ಮೇಜಿನ ಮೇಲೆ ಇಡಿ. ನನ್ನ ಅನುಭವದಲ್ಲಿ ದುಬಾರಿ ಕಾರ್ಡ್‌ಗಿಂತ ಈ ಒಂದು ಬದಲಾವಣೆಯೇ ಹೆಚ್ಚು ಫಲ ಕೊಟ್ಟಿದೆ.

ಮೂರನೆಯ ಉತ್ತರ

ಕಾರ್ಡ್‌ಗೆ ಹಣ ಹಾಕುವ ಮೊದಲು ಒಂದು ಸರಳ ಪ್ರಯೋಗ ಮಾಡಿ. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್‌ನ ತುದಿಗೆ ಈಗಿರುವ ಅಡಾಪ್ಟರ್ ಸಿಕ್ಕಿಸಿ ಮೇಜಿನ ಮೇಲಿಡಿ. ಲೋಹದಿಂದಲೂ ಸದ್ದಿನಿಂದಲೂ ಅದು ದೂರ ಸರಿಯುತ್ತದೆ, ಮೊಣಕಾಲಿಗೂ ಸಿಗುವುದಿಲ್ಲ. ಅಷ್ಟರಿಂದಲೇ ನಿಮಗೆ ತೃಪ್ತಿಯಾದರೆ ಕ್ಯಾಬಿನೆಟ್ ಬಿಚ್ಚುವ ಅಗತ್ಯವೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಎಕ್ಸ್‌ಟೆನ್ಷನ್ ಕೇಬಲ್‌ನ ಪ್ರಯೋಗ ಮಾಡಿದೆ, ಮೂರು ಗೆರೆ ಸ್ಥಿರವಾಗಿ ಬಂದವು. ಆದರೆ ಈ ಅಡಾಪ್ಟರ್ 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೀಮಿತವಾದುದರಿಂದ ವೇಗ ಸಾಲದೆ, ಕೊನೆಗೆ ಪೀಠದ ಆಂಟೆನಾ ಇರುವ ಎಎಕ್ಸ್ 210 ಕಾರ್ಡ್ ಅನ್ನೇ ತಂದು ಕೆಳಗಿನ ಸ್ಲಾಟ್‌ನಲ್ಲಿ ಕೂರಿಸಿದೆ. 5 ಗಿಗಾಹರ್ಟ್ಸ್‌ನಲ್ಲಿ ನಾಲ್ಕು ಗೆರೆ ತೋರಿಸುತ್ತಿದೆ, ಮುಚ್ಚಳ ಹಾಕಿದರೂ ತೆಗೆದರೂ ವ್ಯತ್ಯಾಸವಿಲ್ಲ. ಆದರೆ ಬ್ಲೂಟೂತ್ ಮಾತ್ರ ಕಾಣುತ್ತಿಲ್ಲ. ಡ್ರೈವರ್ ಎರಡು ಬಾರಿ ಹಾಕಿ ನೋಡಿದೆ. ಕಾರ್ಡ್ ಜೊತೆಗೆ ಒಂದು ಸಣ್ಣ ಕೇಬಲ್ ಬಂದಿತ್ತು, ಅದನ್ನು ಜೋಡಿಸಿಲ್ಲ. ಆಡಿಯೋ ಎಂದು ಬರೆದಿರುವ ಹೆಡರ್‌ನಲ್ಲಿಯೂ ಒಂಬತ್ತು ಪಿನ್ನುಗಳಿವೆ. ಅಲ್ಲಿಗೆ ಹಾಕಬಹುದೇ?

ಎರಡನೆಯ ಉತ್ತರ ಬರೆದವರಿಂದ

ದಯವಿಟ್ಟು ಆಡಿಯೋ ಹೆಡರ್‌ಗೆ ಹಾಕಬೇಡಿ. ಎರಡರಲ್ಲೂ ಒಂಬತ್ತು ಪಿನ್ನುಗಳಿದ್ದರೂ ಖಾಲಿ ಜಾಗ ಬೇರೆ ಬೇರೆ: ಯುಎಸ್‌ಬಿ ಹೆಡರ್‌ನಲ್ಲಿ ಮೂಲೆಯ ಪಿನ್ ಇರುವುದಿಲ್ಲ, ಆಡಿಯೋದಲ್ಲಿ ತುದಿಯಿಂದ ಎರಡನೆಯದು ಇರುವುದಿಲ್ಲ. ಬಲವಂತವಾಗಿ ಒತ್ತಿದರೆ ಪಿನ್ ಬಾಗುತ್ತದೆ, ಬೋರ್ಡ್‌ಗೂ ಹಾನಿಯಾಗಬಹುದು.

ಇಂಥ ಕಾರ್ಡ್‌ಗಳಲ್ಲಿ ವೈಫೈ ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಸಾಗುತ್ತದೆ, ಬ್ಲೂಟೂತ್ ಮಾತ್ರ ಯುಎಸ್‌ಬಿ ಮೂಲಕ. ಆ ಸಣ್ಣ ಕೇಬಲ್ ಇರುವುದು ಅದಕ್ಕಾಗಿಯೇ; ಅದಿಲ್ಲದೆ ಡ್ರೈವರ್ ಎಷ್ಟು ಬಾರಿ ಹಾಕಿದರೂ ಯಂತ್ರಕ್ಕೆ ಬ್ಲೂಟೂತ್ ಇರುವುದೇ ತಿಳಿಯುವುದಿಲ್ಲ. ನೀವು ಹಳೆಯ ಅಡಾಪ್ಟರ್‌ಗಾಗಿ ಬಳಸಿದ್ದ ಹೆಡರ್‌ನಲ್ಲಿ ಹಳೆಯ ಕೇಬಲ್ ಇನ್ನೂ ಕೂತಿದೆಯಲ್ಲವೇ? ಅದನ್ನು ತೆಗೆದು ಇದನ್ನು ಅಲ್ಲಿ ಹಾಕಿ. ಯಂತ್ರ ಆರಿಸಿಯೇ ಮಾಡಿ.

ಪ್ರಶ್ನೆ ಕೇಳಿದವರಿಂದ

ಹೌದು, ಹಳೆಯ ಕೇಬಲ್ ಅಲ್ಲಿಯೇ ಇತ್ತು. ಅದನ್ನು ತೆಗೆದು ಕಾರ್ಡ್‌ನ ಕೇಬಲ್ ಸಿಕ್ಕಿಸಿ ಯಂತ್ರ ಆರಂಭಿಸಿದ ಕೂಡಲೇ ಬ್ಲೂಟೂತ್ ಕಾಣಿಸಿಕೊಂಡಿತು, ಹೆಡ್‌ಫೋನ್ ಕೂಡ ಜೋಡಣೆಯಾಯಿತು. ಆಂಟೆನಾದ ಪೀಠ ಈಗ ಮಾನಿಟರ್‌ನ ಪಕ್ಕದಲ್ಲಿದೆ. ಸಮಸ್ಯೆ ಬಗೆಹರಿದಿದೆ.